ಫೋನಿನ ಆ್ಯಪ್ ಕಂಪ್ಯೂಟರಿಗೆ ಬಂದರೆ ಓಡುವುದು ಎಲ್ಲಿ?

ಏಪ್ರಿಲ್, ಮೇ ಬಂತೆಂದರೆ ಗದಗಿನ ಡಿಟಿಪಿ ಅಂಗಡಿಗಳಲ್ಲಿ ಕೂರಲು ಜಾಗ ಇರುವುದಿಲ್ಲ. ಅದು ಲಗ್ನಪತ್ರಿಕೆ ಸೀಸನ್. ನಮ್ಮೂರಿಗೆ ಮುದ್ರಣ ಕಾಶಿ ಅನ್ನೋ ಹೆಸರು ಸುಮ್ನೆ ಬಂದಿಲ್ಲ, ಸುತ್ತಲ ಹಳ್ಳಿಗಳವರು ಕಾರ್ಡು ಮಾಡಿಸಲು ಇಲ್ಲಿಗೇ ಬರುತ್ತಾರೆ. ಮೊದಲು ಬರುವಾಗ ಒಂದು ಹಾಳೆ ತರುತ್ತಿದ್ದರು. ವಧು-ವರರ ಹೆಸರು, ಮುಹೂರ್ತ, ಮಂಟಪ, ಕೆಳಗೆ ಸೋದರಮಾವಂದಿರ ಪಟ್ಟಿ, ಎಲ್ಲ ಕೈಬರಹದಲ್ಲಿ. ಈಗ ಹಾಳೆ ಹೋಗಿ ಫೋನ್ ಬಂದಿದೆ.

ಕೆಲವು ವರ್ಷಗಳ ಹಿಂದೆ ಮುಳಗುಂದದ ಗಿರಾಕಿಯೊಬ್ಬರು ಮ್ಯಾಟರನ್ನು ನನಗೆ ವಾಟ್ಸ್‌ಆ್ಯಪ್ ಮಾಡಿದರು. ನಾನು ಎಡಗೈಯಲ್ಲಿ ಫೋನ್ ಹಿಡಿದು, ಬಲಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದೆ. ನಡುವೆ ಫೋನಿನ ಪರದೆ ಆರುತ್ತದೆ, ಮತ್ತೆ ಬೆರಳು ಒತ್ತಬೇಕು, ಮತ್ತೆ ಸಾಲು ಹುಡುಕಬೇಕು. ಐದು ನಿಮಿಷ ಇದನ್ನೇ ನೋಡಿದ ಅವರು ಕೇಳಿಯೇಬಿಟ್ಟರು: “ಅಲ್ರೀ, ಅದರಾಗಿಂದ ಇದರಾಗ ಬರಂಗಿಲ್ಲೇನು?”

ಬರುತ್ತದೆ. ಅದಕ್ಕೆ ಮುಖ್ಯವಾಗಿ ಮೂರು ದಾರಿ ಇವೆ. ಜನ ಮೂರನ್ನೂ ಒಂದೇ ಅಂದುಕೊಂಡು, ಯಾವುದೋ ಒಂದನ್ನು ಹಾಕಿಕೊಂಡು ಒದ್ದಾಡುತ್ತಾರೆ. ನಾನೂ ಒದ್ದಾಡಿದ್ದೇನೆ. ಆಮೇಲೆ ತಿಳಿದದ್ದು ಇಷ್ಟು: ಆ್ಯಪ್ ಕಂಪ್ಯೂಟರಿನ ಪರದೆಯಲ್ಲಿ ಕಂಡಿತು ಅಂದಮಾತ್ರಕ್ಕೆ ಅದು ಕಂಪ್ಯೂಟರಿನಲ್ಲೇ ಓಡುತ್ತಿರಬೇಕು ಅಂತೇನಿಲ್ಲ. ಬ್ರೌಸರಿನಲ್ಲಿ ಓಡುತ್ತಿದೆಯಾ? ಕಂಪ್ಯೂಟರಿನೊಳಗೆ ಕೂರಿಸಿದ ಹುಸಿ ಫೋನಿನಲ್ಲಾ? ಅಥವಾ ನಮ್ಮ ಕೈಲಿರುವ ಫೋನಿನಲ್ಲೇನಾ? ಇದು ಗೊತ್ತಾದರೆ ಯಾಕೆ ನಿಧಾನ, ಬ್ಯಾಂಕಿನ ಆ್ಯಪ್ ಯಾಕೆ ಮುನಿಸಿಕೊಂಡಿತು, ಪರದೆ ಯಾಕೆ ಕಪ್ಪಾಯಿತು, ಎಲ್ಲಕ್ಕೂ ಉತ್ತರ ತಾನಾಗಿ ಸಿಗುತ್ತದೆ.

ಬ್ರೌಸರಿನ ದಾರಿ ಎಲ್ಲಕ್ಕಿಂತ ಸುಲಭ. ವಾಟ್ಸ್‌ಆ್ಯಪ್ ವೆಬ್ ಬಂದದ್ದು 2015ರ ಜನವರಿಯಲ್ಲಿ. ಫೋನಿನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು, ಕಂಪ್ಯೂಟರಿನಲ್ಲಿ ಕಾಣುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗೀತು. ಶುರುವಿನಲ್ಲಿ ಅದು ಫೋನಿನ ನೆರಳಿನ ಹಾಗಿತ್ತು. ಪ್ರತಿ ಮೆಸೇಜೂ ಫೋನನ್ನು ಹಾದೇ ಬರಬೇಕಿತ್ತು. ಫೋನಿನ ಚಾರ್ಜ್ ಮುಗಿಯಿತೋ, ಕಂಪ್ಯೂಟರಿನಲ್ಲೂ ಬಂದ್. 2021ರಿಂದ ಈ ಏರ್ಪಾಡು ಬದಲಾಯಿತು. ಈಗ ಕಂಪ್ಯೂಟರಿಗೆ ಅದರದೇ ಬೀಗದ ಕೈ ಇದೆ, ಸರ್ವರಿನ ಜೊತೆ ನೇರವಾಗಿ ಮಾತಾಡುತ್ತದೆ. ಒಂದು ಫೋನಿಗೆ ಇಂಥ ನಾಲ್ಕು ಸಾಧನ ಜೋಡಿಸಬಹುದು. ಫೋನ್ ಆಫ್ ಇದ್ದರೂ ಕೆಲಸ ನಡೆಯುತ್ತದೆ. ಆದರೆ 14 ದಿನಕ್ಕಿಂತ ಜಾಸ್ತಿ ಫೋನನ್ನು ಮುಟ್ಟದೇ ಇದ್ದರೆ ಜೋಡಿಸಿದ್ದೆಲ್ಲ ಕಳಚಿಕೊಳ್ಳುತ್ತದೆ.

ಟೆಲಿಗ್ರಾಂ ಹೀಗೆಯೇ ನಡೆಯುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಕಂಪ್ಯೂಟರಿನ ಬ್ರೌಸರಿನಿಂದಲೇ ಫೋಟೊ ಹಾಕುವ ಸೌಲಭ್ಯ 2021ರ ಅಕ್ಟೋಬರಿನಲ್ಲಿ ಬಂತು. ಗೂಗಲ್ ಫೋಟೋಸ್, ಮ್ಯಾಪ್ಸ್, ರೈಲು ಟಿಕೆಟ್, ಇವಕ್ಕೆಲ್ಲ ಆ್ಯಪ್ ಇರುವ ಹಾಗೆ ವೆಬ್‌ಸೈಟೂ ಇದೆ. ಕ್ರೋಮ್ ಅಥವಾ ಎಡ್ಜ್‌ನಲ್ಲಿ ಕೆಲವು ಸೈಟ್ ತೆರೆದಾಗ ವಿಳಾಸದ ಪಟ್ಟಿಯ ಬಲತುದಿಯಲ್ಲಿ ಇನ್‌ಸ್ಟಾಲ್ ಗುರುತು ಕಾಣುತ್ತದೆ. ಒತ್ತಿದರೆ ಅದು ಬೇರೆ ಕಿಟಕಿಯಲ್ಲಿ, ಅದರದೇ ಐಕಾನ್ ಜೊತೆ, ಥೇಟ್ ಆ್ಯಪ್ ಹಾಗೆ ಕೂರುತ್ತದೆ. ಒಳಗೆ ಓಡುವುದು ಬ್ರೌಸರೇ. ಎಮ್ಯುಲೇಟರ್, ಅಂದರೆ ಆಗಲೇ ಹೇಳಿದ ಹುಸಿ ಫೋನು, ಹಾಕಿಕೊಡಿ ಎಂದು ನನ್ನ ಹತ್ತಿರ ಬಂದವರಲ್ಲಿ ಸುಮಾರು ಜನಕ್ಕೆ ಇಷ್ಟರಲ್ಲೇ ಕೆಲಸ ಮುಗಿದಿದೆ.

ಇಲ್ಲಿ ನಮ್ಮ ಕಸುಬಿನ ಒಂದು ಗೋಳು ಹೇಳದೇ ಮುಂದೆ ಹೋಗಲಾರೆ. ವಾಟ್ಸ್‌ಆ್ಯಪ್ ಕಂಪ್ಯೂಟರಿಗೆ ಬಂತು, ಇನ್ನು ಟೈಪ್ ಮಾಡೋದೇ ಬೇಡ, ಕಾಪಿ ಹೊಡೆದು, ನಾವು ಪುಟ ಕಟ್ಟುವ ಸಾಫ್ಟ್‌ವೇರ್ ಪೇಜ್‌ಮೇಕರಿಗೆ ಪೇಸ್ಟ್ ಮಾಡಿದರಾಯಿತು ಅಂದುಕೊಂಡೆ. ಮಾಡಿದೆ. “ಚಿ. ಸೌ.” ಇರಬೇಕಾದಲ್ಲಿ ಸಾಲುಸಾಲು ಪ್ರಶ್ನೆ ಚಿಹ್ನೆ! ಕಾರಣ ಇದು. ಫೋನಿನ ಕನ್ನಡ ಯೂನಿಕೋಡ್. ಅದರಲ್ಲಿ ‘ಕ’ ಅನ್ನುವ ಅಕ್ಷರಕ್ಕೆ ಅದರದೇ ಒಂದು ನಂಬರ್ ಇದೆ, ಜಗತ್ತಿನ ಯಾವ ಮೂಲೆಗೆ ಹೋದರೂ ಅದೇ ನಂಬರ್. ನಾವು ಪ್ರೆಸ್ಸಿನವರು ಬಳಸುವ ಹಳೇ ನುಡಿ ಫಾಂಟಿನ ಲೆಕ್ಕವೇ ಬೇರೆ. ಅಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನೇ. ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿ ತೋರಿಸುತ್ತದೆ. ಪೇಜ್‌ಮೇಕರಿಗೆ ಯೂನಿಕೋಡ್ ಎಂದರೇನೆಂದೇ ಗೊತ್ತಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಹಾಗಾಗಿ ನಡುವೆ ಒಮ್ಮೆ ಪರಿವರ್ತಕದಲ್ಲಿ ಹಾಯಿಸಿ, ಯೂನಿಕೋಡನ್ನು ನುಡಿಗೆ ಬದಲಿಸಿಕೊಳ್ಳಬೇಕು. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಇಲ್ಲದಿದ್ದರೆ ಬೀಗರ ಹೆಸರೇ ಬದಲಾಗಿರುತ್ತದೆ.

ಸರಿ, ಆ್ಯಪಿಗೆ ವೆಬ್‌ಸೈಟೇ ಇಲ್ಲ ಅನ್ನಿ. ಆಗ ಎಮ್ಯುಲೇಟರ್. ಬ್ಲೂಸ್ಟಾಕ್ಸ್, ಎಲ್‌ಡಿಪ್ಲೇಯರ್, ನಾಕ್ಸ್, ಮೆಮು, ಇವೆಲ್ಲ ಅದೇ ಜಾತಿ. ನಿಮ್ಮ ವಿಂಡೋಸ್ ಒಳಗೆ ಒಂದು ಇಡೀ ಆಂಡ್ರಾಯ್ಡ್ ಫೋನನ್ನೇ ಇವು ಕಟ್ಟಿ ನಿಲ್ಲಿಸುತ್ತವೆ. ಅದಕ್ಕೆ ಅದರದೇ ರ್‍ಯಾಮ್, ಅದರದೇ ಡಿಸ್ಕ್, ಅದರದೇ ಪ್ಲೇ ಸ್ಟೋರ್. ಇದ್ದ ಮನೆಯಲ್ಲೇ ಒಂದು ಕೋಣೆಗೆ ಬೇರೆ ಒಲೆ, ಬೇರೆ ಮೀಟರ್ ಹಾಕಿಸಿ ಬಾಡಿಗೆ ಕೊಟ್ಟ ಹಾಗೆ. ಬಾಡಿಗೆಯವರಿಗೆ ತಾವು ಇರುವುದು ಬೇರೆ ಮನೆಯಲ್ಲೇ. ಆದರೆ ನೀರು ಬರುವುದು ಅದೇ ಟಾಕಿಯಿಂದ.

ಇಷ್ಟೆಲ್ಲ ಯಾಕೆ ಬೇಕು, ಆ್ಯಪನ್ನು ನೇರ ವಿಂಡೋಸಿನಲ್ಲಿ ಯಾಕೆ ಓಡಿಸಬಾರದು ಅಂತ ಕೇಳಬಹುದು. ಎರಡು ಅಡ್ಡಿ ಇವೆ. ಮೊದಲನೆಯದು, ಆ್ಯಪ್ ಪ್ರತಿಯೊಂದಕ್ಕೂ ಆಂಡ್ರಾಯ್ಡನ್ನೇ ಕೇಳುತ್ತದೆ. ಕ್ಯಾಮೆರಾ ತೆಗಿ, ಕೀಲಿಮಣೆ ತೋರಿಸು, ಈ ಫೈಲ್ ಉಳಿಸು. ಈ ಮಾತು ವಿಂಡೋಸಿಗೆ ತಿಳಿಯುವುದಿಲ್ಲ. ಎರಡನೆಯದು ಚಿಪ್ಪಿನ ಭಾಷೆ. ಬಹುತೇಕ ಎಲ್ಲ ಫೋನುಗಳ ಚಿಪ್ ಆರ್ಮ್ ಜಾತಿಯದು. ನಮ್ಮ ಮೇಜಿನ ಇಂಟೆಲ್, ಎಎಂಡಿ ಕಂಪ್ಯೂಟರುಗಳದ್ದು ಎಕ್ಸ್86. ಒಂದರ ಆಜ್ಞೆ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಆ್ಯಪನ್ನು ಇನ್‌ಸ್ಟಾಲ್ ಮಾಡಲು ಬರುವ ಎಪಿಕೆ ಫೈಲ್ ಅಂದರೆ ಒಂದು ಜಿಪ್ ಫೈಲೇ. ಜಿಪ್ ತೆರೆಯುವ ಸಾಫ್ಟ್‌ವೇರಿನಲ್ಲಿ ಬಿಚ್ಚಿ ನೋಡಿ. ಡೆಕ್ಸ್ ಅನ್ನೋ ಬಾಲದ ಫೈಲುಗಳಿರುತ್ತವೆ. ಅವು ಯಾವ ಚಿಪ್ಪಿಗೂ ಅಂಟಿಕೊಂಡವಲ್ಲ. ಆಂಡ್ರಾಯ್ಡ್ ಅವನ್ನು ತಾನಿರುವ ಚಿಪ್ಪಿಗೆ ತಕ್ಕಂತೆ ಹೊಂದಿಸಿಕೊಳ್ಳುತ್ತದೆ. ಲಿಬ್ ಅನ್ನೋ ಫೋಲ್ಡರ್ ಇದ್ದು, ಅದರೊಳಗೆ ಆರ್ಮ್ ಹೆಸರಿನ ಫೋಲ್ಡರ್ ಮಾತ್ರ ಇದ್ದರೆ, ಆ ಭಾಗ ಆರ್ಮ್ ಚಿಪ್ಪಿಗಾಗಿಯೇ ಮಾಡಿದ್ದು. ದೊಡ್ಡ ಆಟಗಳಲ್ಲಿ ಇಂಥ ಭಾಗ ಜಾಸ್ತಿ. ಆಗ ಎಮ್ಯುಲೇಟರ್ ನಡುವೆ ದಲ್ಲಾಳಿ ಆಗಬೇಕು, ಒಂದೊಂದು ಆಜ್ಞೆಯನ್ನೂ ಎಕ್ಸ್86ಕ್ಕೆ ತಿರುಗಿಸಿ ಹೇಳಬೇಕು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಲ್ಲಾಳಿ ಇದ್ದರೆ ವ್ಯಾಪಾರ ಕುದುರುತ್ತದೆ, ಕಮಿಷನ್ನೂ ಹೋಗುತ್ತದೆ. ಇಲ್ಲಿ ಹೋಗುವ ಕಮಿಷನ್ ವೇಗ.

ಅದಕ್ಕೇ ಹಳೇ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಹಾಕಿ ಬೈದುಕೊಳ್ಳುವುದು. ಬ್ಲೂಸ್ಟಾಕ್ಸ್ 5 ಕನಿಷ್ಠ 4 ಜಿಬಿ ರ್‍ಯಾಮ್, 5 ಜಿಬಿ ಖಾಲಿ ಡಿಸ್ಕ್ ಕೇಳುತ್ತದೆ. ಆದರೆ 4 ಜಿಬಿಯಲ್ಲಿ ವಿಂಡೋಸ್ ತನ್ನ ಪಾಲು ತಿಂದ ಮೇಲೆ ಉಳಿಯುವುದೆಷ್ಟು? 8 ಜಿಬಿ ಮತ್ತು ಎಸ್‌ಎಸ್‌ಡಿ ಇಲ್ಲದೆ ಈ ದಾರಿಗೆ ಹೋಗಬೇಡಿ ಅಂತಲೇ ನಾನು ಹೇಳುವುದು. ನನ್ನ ಹಳೇ 4 ಜಿಬಿ ಮಷಿನ್ನಿನಲ್ಲಿ ಒಂದು ಎಮ್ಯುಲೇಟರ್ ತೆರೆದು, ಹೊರಗೆ ಹೋಗಿ ಒಂದು ಚಹಾ ಕುಡಿದು ಬಂದರೂ ಅದು ಗಿರಗಿರ ತಿರುಗುತ್ತಲೇ ಇತ್ತು. ಅದಕ್ಕಿಂತ ದೊಡ್ಡ ತಪ್ಪು ಮೊದಲೇ ಮಾಡಿದ್ದೆ. ಹುಡುಕಿದಾಗ ಮೇಲೆ ಬಂದ ಜಾಹೀರಾತಿನ ಲಿಂಕ್ ಒತ್ತಿ ಡೌನ್‌ಲೋಡ್ ಮಾಡಿದ್ದೆ. ಅದು ಅಸಲಿ ಸೈಟೇ ಅಲ್ಲ. ಎಮ್ಯುಲೇಟರ್ ಜೊತೆ ಬೇಡದ ಮೂರು ಸಾಫ್ಟ್‌ವೇರ್ ಬಂದು ಕೂತವು. ಬ್ರೌಸರ್ ತೆರೆದಾಗೆಲ್ಲ ಯಾವುದೋ ಲಾಟರಿ ಪುಟ. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಬೇಕಾಯಿತು, ಅದೂ ಸೀಸನ್ ನಡುವೆ.

ರ್‍ಯಾಮ್ ಸಾಕಷ್ಟಿದ್ದೂ ಎಮ್ಯುಲೇಟರ್ ತೆವಳುತ್ತಿದ್ದರೆ ಇನ್ನೊಂದು ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಆರಿಸಿ. ಕೆಳಗೆ ವರ್ಚುವಲೈಸೇಶನ್ ಅಂತ ಇರುತ್ತದೆ. ಅದರ ಮುಂದೆ ಡಿಸೇಬಲ್ಡ್ ಅಂತಿದ್ದರೆ ರೋಗ ಅಲ್ಲೇ ಇದೆ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸಲು ಚಿಪ್ಪಿನಲ್ಲೇ ಒಂದು ಅನುಕೂಲ ಇರುತ್ತದೆ. ಇಂಟೆಲ್‌ನವರು ಅದನ್ನು ವಿಟಿ-ಎಕ್ಸ್ ಅನ್ನುತ್ತಾರೆ. ಎಎಂಡಿ ಕಂಪ್ಯೂಟರುಗಳ ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯಬೇಕಾದ ಸೆಟ್ಟಿಂಗ್ಸ್) ಎಸ್‌ವಿಎಂ ಅಂತ ಇರುತ್ತದೆ. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಶುರುವಾಗುವಾಗ ಬಯೋಸ್‌ಗೆ ಹೋಗಿ ಆನ್ ಮಾಡಿದರೆ ವ್ಯತ್ಯಾಸ ತಕ್ಷಣ ಕಾಣುತ್ತದೆ.

ಮೈಕ್ರೋಸಾಫ್ಟ್ ತಾನೇ ಈ ಕೆಲಸಕ್ಕೆ ಕೈ ಹಾಕಿತ್ತು. 2021ರ ಜೂನ್‌ನಲ್ಲಿ ವಿಂಡೋಸ್ 11 ತೋರಿಸಿದಾಗ, ಇದರಲ್ಲಿ ಆಂಡ್ರಾಯ್ಡ್ ಆ್ಯಪ್ ಓಡುತ್ತವೆ ಎಂದು ಹೇಳಿತು. ಆ್ಯಪ್ ಸಿಗುತ್ತಿದ್ದದ್ದು ಗೂಗಲ್ ಪ್ಲೇ ಬದಲು ಅಮೆಜಾನ್ ಅಂಗಡಿಯಲ್ಲಿ. ಜನಕ್ಕೆ ಬೇಕಾದದ್ದರಲ್ಲಿ ಎಷ್ಟೋ ಅಲ್ಲಿರಲಿಲ್ಲ. 2024ರ ಮಾರ್ಚಿನಲ್ಲಿ ಇದನ್ನು ನಿಲ್ಲಿಸುತ್ತೇವೆ ಎಂದು ಪ್ರಕಟಿಸಿ, 2025ರ ಮಾರ್ಚ್ 5ಕ್ಕೆ ಬೆಂಬಲ ನಿಲ್ಲಿಸಿದರು. ಈಗಲೂ ಅದನ್ನು ಹಾಕಿಕೊಳ್ಳುವುದು ಹೇಗೆ ಎಂದು ಹೇಳುವ ಹಳೇ ವಿಡಿಯೋಗಳು ಓಡಾಡುತ್ತಿವೆ, ನಂಬಿಕೊಂಡು ಕೂರಬೇಡಿ. ಬರೀ ಆಟ ಆಡಬೇಕು ಅನ್ನುವವರಿಗೆ ಗೂಗಲ್ಲಿನದೇ ಪ್ಲೇ ಗೇಮ್ಸ್ ವಿಂಡೋಸಿಗೆ ಸಿಗುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಯುಪಿಐ ಆ್ಯಪ್ ಎಮ್ಯುಲೇಟರಿನಲ್ಲಿ ಹಾಕಬಹುದಾ? ಹಾಕುವ ಆಸೆ ಬಿಡಿ. ಯುಪಿಐ ಆ್ಯಪ್ ಮೊದಲ ಸಲ ತೆರೆದಾಗ ಅದು ನಿಮ್ಮ ಸಿಮ್‌ನಿಂದ ತಾನೇ ಒಂದು ಎಸ್‌ಎಂಎಸ್ ಕಳಿಸುವುದು ನೆನಪಿದೆಯಾ? ಈ ನಂಬರ್, ಈ ಸಿಮ್, ಈ ಫೋನ್ ಮೂರೂ ಒಟ್ಟಿಗಿವೆ ಎಂದು ಬ್ಯಾಂಕಿಗೆ ಖಾತ್ರಿಯಾಗುವುದು ಅದರಿಂದಲೇ. ಹುಸಿ ಫೋನಿಗೆ ಸಿಮ್ ಎಲ್ಲಿಂದ ಬರಬೇಕು? ಅಷ್ಟೇ ಅಲ್ಲ. ಗೂಗಲ್ಲಿನದು ಪ್ಲೇ ಇಂಟೆಗ್ರಿಟಿ ಅನ್ನೋ ತಪಾಸಣೆ ಇದೆ. ನಾನು ಓಡುತ್ತಿರುವುದು ಅಸಲಿ ಫೋನಿನಲ್ಲೇನಾ ಎಂದು ಆ್ಯಪ್ ಅದರ ಮೂಲಕ ಕೇಳಿ ತಿಳಿದುಕೊಳ್ಳುತ್ತದೆ. ಅಲ್ಲ ಎಂಬ ಉತ್ತರ ಬಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಇದನ್ನು ತಪ್ಪಿಸುವ ಉಪಾಯ ಹೇಳಿಕೊಡುತ್ತೇನೆ ಎಂದು ಯಾರಾದರೂ ಬಂದರೆ, ಅವರಿಗೆ ನಿಮ್ಮ ದುಡ್ಡಿನ ಮೇಲೆ ಕಣ್ಣಿದೆ ಅಂತಲೇ ತಿಳಿಯಿರಿ. ಮತ್ತೆ, ಎಮ್ಯುಲೇಟರಿಗೆ ಜಿಮೇಲ್ ಕೊಡಬೇಕಾದಾಗ ಬ್ಯಾಂಕಿಗೆ ಕೊಟ್ಟಿರುವ ಜಿಮೇಲ್ ಬೇಡ. ಬೇರೆಯದೊಂದು ಮಾಡಿಕೊಳ್ಳಿ.

ನನಗೆ ಕೊನೆಗೆ ಹಿಡಿಸಿದ್ದು ಮೂರನೇ ದಾರಿ. ಆ್ಯಪ್ ಫೋನಿನಲ್ಲೇ ಓಡಲಿ, ಅದರ ಪರದೆ ಮಾತ್ರ ಕಂಪ್ಯೂಟರಿಗೆ ಬರಲಿ, ನಮ್ಮ ಮೌಸು ಫೋನಿನ ಮೇಲೆ ಬೆರಳಾಡಿಸಲಿ. ವಿಂಡೋಸಿನ ಫೋನ್ ಲಿಂಕ್ ಇಂಥದ್ದೇ. ಅದರಲ್ಲಿ ನೋಟಿಫಿಕೇಶನ್, ಎಸ್‌ಎಂಎಸ್, ಫೋಟೊ ಹೆಚ್ಚೂಕಡಿಮೆ ಎಲ್ಲ ಆಂಡ್ರಾಯ್ಡ್ ಫೋನಿನಿಂದಲೂ ಬರುತ್ತವೆ. ಆದರೆ ಆ್ಯಪನ್ನೇ ತೆರೆದು ನಡೆಸುವ ಭಾಗ್ಯ ಸ್ಯಾಮ್‌ಸಂಗ್ ಮತ್ತೆ ಇನ್ನು ಕೆಲವೇ ಕಂಪನಿಗಳ ಫೋನಿಗೆ.

ನಾನು ಬಳಸುವುದು ಬೇರೆ. ಅದರ ಹೆಸರು ಎಸ್-ಸಿ-ಆರ್-ಸಿ-ಪಿ-ವೈ. ಬಾಯಿಗೆ ಬರದ ಹೆಸರು, ಸ್ಕ್ರೀನ್ ಕಾಪಿ ಅಂತ ಓದಿಕೊಳ್ಳಿ. 2018ರಲ್ಲಿ ಬಂದದ್ದು. ಪುಕ್ಕಟೆ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಜಾಹೀರಾತಿಲ್ಲ, ಫೋನಿಗೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆಂಡ್ರಾಯ್ಡ್ 5 ಅಥವಾ ಅದರ ಮೇಲಿನ ಯಾವ ಫೋನಾದರೂ ಸರಿ.

ಹೊಂದಿಸುವುದು ಹೀಗೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಹುಡುಕಿ. ಅಲ್ಲಿ ಬಿಲ್ಡ್ ನಂಬರ್ ಅಂತ ಇರುತ್ತದೆ. ಅದರ ಮೇಲೆ ಏಳು ಸಲ ತಟ್ಟಿ. ಹೌದು, ಏಳು ಸಲ, ಸಪ್ತಪದಿಯ ಹಾಗೆ. ನೀವೀಗ ಡೆವಲಪರ್ ಆಗಿದ್ದೀರಿ ಎಂದು ಫೋನ್ ಶುಭ ಸುದ್ದಿ ಕೊಡುತ್ತದೆ. ಆಮೇಲೆ ಹೊಸದಾಗಿ ಕಾಣಿಸಿಕೊಂಡ ಡೆವಲಪರ್ ಆಪ್ಶನ್ಸ್ ಒಳಗೆ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ. ಕೇಬಲ್ಲಿನಿಂದ ಫೋನನ್ನು ಕಂಪ್ಯೂಟರಿಗೆ ಚುಚ್ಚಿ. ಈ ಕಂಪ್ಯೂಟರನ್ನು ನಂಬಬಹುದಾ ಎಂದು ಫೋನ್ ಕೇಳುತ್ತದೆ, ಹೂಂ ಅನ್ನಿ. ನಂತರ ಸ್ಕ್ರೀನ್ ಕಾಪಿಯ ಫೋಲ್ಡರ್ ತೆರೆದು ಅದರ ಫೈಲನ್ನು ಎರಡು ಸಲ ಒತ್ತಿದರೆ ಫೋನ್ ನಿಮ್ಮ ಮಾನಿಟರಿನಲ್ಲಿ.

ಕಾಣಲೇ ಇಲ್ಲವೆಂದರೆ ಮೊದಲು ಕೇಬಲ್ ಬದಲಿಸಿ. ಸಾಮಾನ್ಯವಾಗಿ ಅದೇ ಕಳ್ಳ. ಸಂತೆಯಲ್ಲಿ ಸಿಗುವ ಅಗ್ಗದ ಕೇಬಲ್ಲುಗಳಲ್ಲಿ ಎಷ್ಟೋ ಬರೀ ಚಾರ್ಜ್ ಮಾಡುತ್ತವೆ, ಡೇಟಾ ಹರಿಯುವ ತಂತಿಯೇ ಅವುಗಳಲ್ಲಿರುವುದಿಲ್ಲ. ಪರದೆ ಕಾಣುತ್ತದೆ, ಆದರೆ ಮೌಸು ಒತ್ತಿದರೆ ಏನೂ ಆಗುತ್ತಿಲ್ಲವೆಂದರೆ, ಕೆಲವು ಕಂಪನಿಗಳ ಫೋನಿನಲ್ಲಿ ಡಿಬಗ್ಗಿಂಗ್ ಕೆಳಗೇ ಇನ್ನೊಂದು ಸೆಕ್ಯುರಿಟಿ ಸೆಟ್ಟಿಂಗ್ ಇರುತ್ತದೆ, ಅದನ್ನೂ ಆನ್ ಮಾಡಬೇಕು.

ಒಮ್ಮೆ ಕೂತಿತೆಂದರೆ ಬಲು ಸಲೀಸು. ಮೌಸಿನ ಬಲಗುಂಡಿ ಒತ್ತಿದರೆ ಹಿಂದಕ್ಕೆ, ನಡುವಿನ ಚಕ್ರ ಒತ್ತಿದರೆ ಹೋಮ್. ಎಡ ಆಲ್ಟ್ ಜೊತೆ ಓ ಒತ್ತಿದರೆ ಫೋನಿನ ಪರದೆ ಆರುತ್ತದೆ, ಮಾನಿಟರಿನಲ್ಲಿ ಮಾತ್ರ ಉಳಿಯುತ್ತದೆ. ಕಂಪ್ಯೂಟರಿನ ಫೈಲನ್ನು ಎಳೆದು ಆ ಕಿಟಕಿಗೆ ಬಿಟ್ಟರೆ ಫೋನಿನ ಡೌನ್‌ಲೋಡ್ ಫೋಲ್ಡರಿಗೆ ಹೋಗಿ ಬೀಳುತ್ತದೆ. ಕನ್ನಡ ಟೈಪ್ ಮಾಡುವುದು ಮಾತ್ರ ಸ್ವಲ್ಪ ಹಟಮಾರಿ. ಅದರ ಸಾದಾ ಕೀಲಿಮಣೆ ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳನ್ನಷ್ಟೇ ದಾಟಿಸುತ್ತದೆ. ನಾನು ನೋಟ್‌ಪ್ಯಾಡಿನಲ್ಲಿ ಕನ್ನಡ ಟೈಪ್ ಮಾಡಿ, ಕಾಪಿ ಹೊಡೆದು, ಆ ಕಿಟಕಿಯಲ್ಲಿ ಕಂಟ್ರೋಲ್ ವಿ ಒತ್ತುತ್ತೇನೆ. ಕ್ಲಿಪ್‌ಬೋರ್ಡ್ ಎರಡೂ ಕಡೆಗೆ ಒಂದೇ, ಹಾಗಾಗಿ ನಡೆಯುತ್ತದೆ.

ಬ್ಯಾಂಕಿನ ಆ್ಯಪ್ ಇಲ್ಲಿ ಓಡುತ್ತದಾ? ಓಡುತ್ತದೆ, ಯಾಕೆಂದರೆ ಅದು ಇರುವುದು ಅಸಲಿ ಫೋನಿನಲ್ಲೇ, ಸಿಮ್ಮೂ ಅಲ್ಲೇ ಇದೆ. ಆದರೆ ಮಾನಿಟರಿನಲ್ಲಿ ಆ ಕಿಟಕಿ ಬರೀ ಕಪ್ಪು. ಫೋನ್ ಕೈಗೆತ್ತಿಕೊಂಡರೆ ಎಲ್ಲ ಸರಿಯಾಗಿ ಕಾಣುತ್ತದೆ. ಇದು ಕೆಟ್ಟಿರುವುದಲ್ಲ, ಬೇಕೆಂದೇ ಮಾಡಿದ್ದು. ನನ್ನ ಪರದೆಯ ಚಿತ್ರ ಯಾರೂ ತೆಗೆಯಬಾರದು ಎಂದು ಆ್ಯಪ್ ಆಂಡ್ರಾಯ್ಡಿಗೆ ಹೇಳಿಡಬಹುದು. ಸ್ಕ್ರೀನ್‌ಶಾಟ್ ತೆಗೆಯಲು ಬಿಡದೇ ಇರುವುದೂ ಅದೇ ಕಟ್ಟಳೆ. ಹಾಗೆ ಹೇಳಿಕೊಳ್ಳದ ಆ್ಯಪುಗಳೂ ಇವೆ, ಅವು ಕಾಣುತ್ತವೆ. ಕೆಲವು ಬ್ಯಾಂಕಿನ ಆ್ಯಪುಗಳು ಡೆವಲಪರ್ ಆಪ್ಶನ್ಸ್ ಆನ್ ಇರುವುದು ಕಂಡರೇ ತೆರೆಯಲು ಒಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಡಿಬಗ್ಗಿಂಗ್ ಆಫ್ ಮಾಡುವುದು ಒಳ್ಳೆಯ ರೂಢಿ. ನನಗೆ ದಿನಾ ಬೇಕಾಗುವುದರಿಂದ ಈ ಕೆಲಸಕ್ಕೇ ಹಳೇ ಫೋನೊಂದನ್ನು ಇಟ್ಟಿದ್ದೇನೆ. ಅದರಲ್ಲಿ ಅಂಗಡಿಯ ನಂಬರ್ ಇದೆ, ಬ್ಯಾಂಕ್ ಇಲ್ಲ.

ಬೇರೆ ಮಷಿನ್ ಇದ್ದವರಿಗೆ ಎರಡೇ ಮಾತು. ಆ್ಯಪಲ್‌ನವರು 2020ರ ನವೆಂಬರಿನಿಂದ ಮ್ಯಾಕ್‌ಗೂ ಫೋನಿನ ಜಾತಿಯದೇ ಚಿಪ್ ಹಾಕತೊಡಗಿದರು. ಹಾಗಾಗಿ ಎಷ್ಟೋ ಐಫೋನ್ ಆ್ಯಪ್ ಅಲ್ಲಿ ದಲ್ಲಾಳಿ ಇಲ್ಲದೇ ನೇರ ಓಡುತ್ತವೆ, ಆ್ಯಪ್ ಮಾಡಿದವರು ಒಪ್ಪಿರಬೇಕು ಅಷ್ಟೆ. ಲಿನಕ್ಸ್ ಬಳಸುವವರಿಗೆ ವೇಡ್ರಾಯ್ಡ್ ಇದೆ. ಆಂಡ್ರಾಯ್ಡಿನ ತಳದಲ್ಲೂ ಇರುವುದು ಲಿನಕ್ಸೇ ಆದ್ದರಿಂದ ಅಲ್ಲಿ ಪೂರಾ ಹುಸಿ ಕಂಪ್ಯೂಟರ್ ಕಟ್ಟುವ ಗೋಜಿಲ್ಲ.

ಒಂದು ಎಚ್ಚರಿಕೆ ಹೇಳುವುದು ಉಳಿಯಿತು. ನಮ್ಮಂಥ ಅಂಗಡಿಯ ಮಾನಿಟರಿಗೆ ವಾಟ್ಸ್‌ಆ್ಯಪ್ ಜೋಡಿಸಿ ಪ್ರಿಂಟ್ ತೆಗೆಸಿಕೊಂಡವರು ಎದ್ದು ಹಾಗೆಯೇ ಹೋಗಿಬಿಡುತ್ತಾರೆ. ಅವರ ಮನೆಯ ಮಾತುಕತೆ ಸಂಜೆವರೆಗೂ ನನ್ನ ಪರದೆಗೆ ಬಂದು ಬೀಳುತ್ತಿರುತ್ತದೆ. ಫೋನಿನ ಲಿಂಕ್ಡ್ ಡಿವೈಸಸ್ ಪಟ್ಟಿ ಆಗಾಗ ತೆರೆದು ನೋಡಿ, ಗುರುತಿಲ್ಲದ್ದನ್ನು ಲಾಗ್ ಔಟ್ ಮಾಡಿ. ಹಾಗಂತ ನಾನೇನು ಜಾಣನಲ್ಲ. ಸ್ಕ್ರೀನ್ ಕಾಪಿ ಹಾಕಿದಾಗ, ಆಂಡ್ರಾಯ್ಡ್ 11 ಅಥವಾ ಮೇಲಿನ ಫೋನಾದರೆ, ಪರದೆಯ ಜೊತೆ ಶಬ್ದವೂ ಕಂಪ್ಯೂಟರಿಗೆ ಬರುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಹೋದ ಸೀಸನ್ನಿನಲ್ಲಿ ಮುಳಗುಂದದ ಅದೇ ಗಿರಾಕಿ ಎರಡನೇ ಮಗಳ ಲಗ್ನಕ್ಕೆ ಬಂದಿದ್ದರು. ಪ್ರೂಫನ್ನು ಅವರ ಮನೆಗೆ ಕಳಿಸಿದ್ದೆವು. ಉತ್ತರವಾಗಿ ಒಂದು ವಾಯ್ಸ್ ಮೆಸೇಜ್ ಬಂತು. ಮೌಸಿನಿಂದಲೇ ಒತ್ತಿದೆ. ಅಂಗಡಿ ತುಂಬ ಜನ. ಎರಡೂ ಸ್ಪೀಕರಿನಿಂದ ಅವರ ಮನೆಯವರ ದನಿ ಜೋರಾಗಿ ಬಂತು: “ನಮ್ಮಣ್ಣನ ಹೆಸರ ಬಿಟ್ಟೀರಲ್ಲ, ನಿಮ್ಮ ತಮ್ಮಂದು ಮಾತ್ರ ಮ್ಯಾಲ ಹಾಕಿಸೀರಿ!”

ಗಿರಾಕಿ ಮಾನಿಟರ್ ಕಡೆ ನೋಡಿದರು, ನನ್ನ ಕಡೆ ನೋಡಿದರು. “ಇದು ಇದರಾಗ ಬರೂದು ಬ್ಯಾಡಾಗಿತ್ತು ನೋಡ್ರಿ,” ಅಂದರು. ಸೋದರಮಾವನ ಹೆಸರು ಸೇರಿಸಿ, ಇನ್ನೊಂದು ಪ್ರೂಫ್ ತೆಗೆದೆ.